ಕೊಟ್ಟ ಹುಡುಗನಿಗೆ ಮೊಸರು ಸಕ್ಕರೆ

ದಸರಾ ಗೊಂಬೆಗಳ ಪೆಟ್ಟಿಗೆಯನ್ನು ಗರಾಜಿನ ಅಟ್ಟದಿಂದ ಇಳಿಸಿ, ನಾನೂ ನನ್ನ ಮಗಳೂ ಹಾಲಿನಲ್ಲಿ ಚಾಪೆ ಹಾಸಿಕೊಂಡು ಬಿಚ್ಚುತ್ತಾ ಕೂತಿದ್ದೆವು. ಪಟ್ಟದ ಗೊಂಬೆ ರಾಜ-ರಾಣಿ, ಸೆಟ್ಟಿ-ಸೆಟ್ಟಮ್ಮ, ಕಿವಿ ಮುರಿದ ಆನೆ, ಒಬ್ಬೊಬ್ಬರಾಗಿ ಹೊರಗೆ ಬಂದರು. ತಳದಲ್ಲಿ ಇಳಕಲ್ ಸೀರೆಯ ಸೆರಗಿನ ತುಂಡೊಂದರಲ್ಲಿ ಸುತ್ತಿದ ಗಂಟು. ಅದನ್ನು ಅಲ್ಲಿ ಇಟ್ಟವಳು ನಾನೇ. ಆದರೂ ಕೈಗೆ ಸಿಕ್ಕಾಗ ಮಡಿಲಲ್ಲಿಟ್ಟುಕೊಂಡು ನಿಧಾನವಾಗಿ ಬಿಚ್ಚಿದೆ.

ಒಳಗಿದ್ದದ್ದು ಅಂಗೈ ಉದ್ದದ ಪ್ಲಾಸ್ಟಿಕ್ ಗೊಂಬೆ. ತಲೆಗೆ ಹೆಲ್ಮೆಟ್, ಕಂಕುಳಲ್ಲಿ ಚೆಂಡು, ಒಂದು ಕಾಲು ಗಾಳಿಯಲ್ಲಿ. ಮೈಗೆ ನೀಲಿ ನೇಲ್ ಪಾಲಿಶ್ ಬಳಿದಿದೆ. ಚಕ್ಕೆ ಎದ್ದ ಕಡೆಯೆಲ್ಲಾ ಕೆಳಗಿನ ಹಳದಿ ಅಂಗಿ ಇಣುಕುತ್ತೆ. "ಅಮ್ಮಾ, ಹೂ ಈಸ್ ದಿಸ್ ಗೈ? ರಾಜ-ರಾಣಿ ಜೊತೆ ಇವ್ನಿಗೆ ಏನ್ ಕೆಲ್ಸ?" ಅಂದಳು ಮಗಳು. "ಹೇಳ್ತೀನಿ ಇರು," ಅಂದೆ. ಆ ಸೆರಗಿನ ತುಂಡನ್ನು ಮೂಗಿಗೆ ಹಿಡಿದು ನೋಡಿದೆ. ನುಸಿಗುಳಿಗೆ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಇನ್ನೇನಾದರೂ ಇರಬೇಕಿತ್ತು ಅಂತ ನಾನು ಯಾಕೆ ಅಂದುಕೊಂಡೆನೋ...

ತೊಂಬತ್ತರ ದಶಕ ಅದು. ಮದುವೆಯಾಗಿ ಮೈಸೂರಿನಿಂದ ಸೀದಾ ಅಟ್ಲಾಂಟಾಕ್ಕೆ ಬಂದು ಬಿದ್ದಿದ್ದೆ. ಇದ್ದ ಒಂದು ಕಾರನ್ನು ಯಜಮಾನರು ಬೆಳಿಗ್ಗೆ ತಗೊಂಡು ಹೋದರೆ ಮುಗಿಯಿತು, ಸಂಜೆವರೆಗೂ ನಾನು, ಗೋಡೆ, ಟೀವಿ. ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಬೇಜಾರಿಗೆ ಒಂದು ದಿನ ಬಾಗಿಲ ಮುಂದಿನ ಸಿಮೆಂಟಿನ ಮೇಲೆ ಸೀಮೆಸುಣ್ಣದಲ್ಲಿ ರಂಗೋಲಿ ಬಿಟ್ಟೆ. ಅರ್ಧ ಗಂಟೆ ಆಗಿರಲಿಲ್ಲ, ಎದುರುಮನೆಯಿಂದ ಆಸ್ಪತ್ರೆಯ ಹಸಿರು ಬಟ್ಟೆಯಲ್ಲೇ ಒಬ್ಬ ಹೆಂಗಸು ರಸ್ತೆ ದಾಟಿ ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತರು. "ಎಲ್ಲಿಯಾಕಿ ನೀ? ಇಷ್ಟ ದಿನಾ ಎಲ್ಲಿ ಅಡಗಿದ್ದೆ?" ಅಂದರು. ಕನ್ನಡ ಕೇಳಿ ನನಗೆ ಅಳುವೇ ಬಂತು. ಅವರು ಅದನ್ನು ನೋಡಿ ನಕ್ಕುಬಿಟ್ಟರು.

ಧಾರವಾಡದವರು. ಇಪ್ಪತ್ತು ವರ್ಷಕ್ಕೂ ಹಿಂದೆ ಬಂದವರು. ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮುಂಚೆ ರೋಗಿಗಳಿಗೆ ಮತ್ತು ಬರಿಸುವ ಡಾಕ್ಟರು. "ಮಂದೀನ ಮಲಗಸೂದು ನಾ, ಎಬ್ಬಸೂದು ನಾ. ನಡುವ ಕೊಯ್ಯಾವ್ರು ಬ್ಯಾರೇದವ್ರು, ಹೆಸರು ಮಾತ್ರ ಅವರದ," ಅನ್ನುತ್ತಿದ್ದರು. ಅವರ ಯಜಮಾನರು ಲ್ಯಾಬಿನಲ್ಲಿ ವಿಜ್ಞಾನಿ. ಇವರು ಒಂದು ಗಂಟೆಯಲ್ಲಿ ಆಡುವಷ್ಟು ಮಾತನ್ನು ಅವರು ಒಂದು ವರ್ಷಕ್ಕೆ ಹಂಚಿಕೊಂಡು ಆಡುತ್ತಿದ್ದರು. ನನಗೆ ಡ್ರೈವಿಂಗ್ ಕಲಿಸಿದ್ದು, ಹೈವೇ ಮೇಲೆ ಗದರಿಸಿ ಅಳಿಸಿದ್ದು, ಆಮೇಲೆ ಐಸ್ ಕ್ರೀಮ್ ಕೊಡಿಸಿದ್ದು ಎಲ್ಲ ಈ ಡಾಕ್ಟರಮ್ಮನೇ. ಆಂಟಿ ಅಂದರೆ ಸಿಡಿಯುತ್ತಿದ್ದರು. "ಅಕ್ಕಾ ಅನ್ನು. ಆಂಟಿ ಅಂದ್ರ ತಲಿ ನರೀತೈತಿ."

ಮನೆಯಲ್ಲಿ ಮಕ್ಕಳಿರಲಿಲ್ಲ. ನಾನೂ ಕೇಳಲಿಲ್ಲ, ಕೇಳುವಂಥದ್ದಲ್ಲ ಅದು. ಧಾರವಾಡದಲ್ಲಿ ಅವರಿಗೊಬ್ಬ ಮಗನಿದ್ದಾನೆ, ಅವನು ಅವರನ್ನು ಅವ್ವ ಅನ್ನುವುದಿಲ್ಲ ಅನ್ನುವುದು ನನಗೆ ಗೊತ್ತಾದದ್ದು ತಡವಾಗಿ, ಅದೂ ಫುಟ್‌ಬಾಲಿನ ದೆಸೆಯಿಂದ.

ಫುಟ್‌ಬಾಲ್ ಅಂದರೆ ನಮ್ಮ ಕಡೆಯ ಹಾಗೆ ಕಾಲಲ್ಲಿ ಒದೆಯುವುದಲ್ಲ. ಇಲ್ಲಿಯದು ಬೇರೆ. ಸುಲಿದ ತೆಂಗಿನಕಾಯಿ ಆಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡಬೇಕು, ಎದುರು ಟೀಮಿನವರು ಗೂಳಿಗಳ ಹಾಗೆ ನುಗ್ಗಿ ಬೀಳಿಸಬೇಕು. ನಮ್ಮ ಊರಿಗೂ ಒಂದು ಟೀಮು. ಹೆಸರು ಬೇಡ ಬಿಡಿ, ಆ ವರ್ಷಗಳಲ್ಲಿ ಅದರ ಹೆಸರೆತ್ತಿದರೆ ಆಫೀಸುಗಳಲ್ಲಿ ಜನ ನಗುತ್ತಿದ್ದರಂತೆ. ಸೋಲು ಅಂದರೆ ಸೋಲು. ಡಾಕ್ಟರಮ್ಮನಿಗೆ ಮಾತ್ರ ಆ ಟೀಮು ಅಂದರೆ ಪ್ರಾಣ. ಅದರಲ್ಲೂ ಅಲ್ಲಿ ಒಬ್ಬ ಹುಡುಗನಿದ್ದ, ಚೆಂಡು ಹಿಡಿದು ಓಡುವವನು. ಕೆರೊಲಿನಾದ ಯಾವುದೋ ಸಣ್ಣ ಊರಿನವನು. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ಟೀಮಿನಲ್ಲಿ ಉಳಿದವರೆಲ್ಲ ಬೀಳುತ್ತಿದ್ದರು, ಇವನೊಬ್ಬ ಓಡುತ್ತಿದ್ದ. ಬಿದ್ದರೂ ಎದ್ದ ಕೂಡಲೇ ತನ್ನನ್ನು ಬೀಳಿಸಿದವನ ಭುಜ ತಟ್ಟಿ ನಗುತ್ತಿದ್ದ. ಡಾಕ್ಟರಮ್ಮ ಅವನ ಹೆಸರು ಹೇಳಿದ್ದನ್ನು ನಾನು ಕೇಳಿಯೇ ಇಲ್ಲ. "ನಮ್ಮ ಹುಡುಗ" ಅಷ್ಟೇ.

ಭಾನುವಾರ ಮಧ್ಯಾಹ್ನ ಆಟ ಶುರುವಾಗುವ ಮುಂಚೆ ಅವರು ಒಂದು ಬಟ್ಟಲಲ್ಲಿ ಮೊಸರು ಸಕ್ಕರೆ ಕಲಸುತ್ತಿದ್ದರು. ನಮ್ಮಲ್ಲಿ ಪರೀಕ್ಷೆಗೋ ಪ್ರಯಾಣಕ್ಕೋ ಹೊರಟವರ ಅಂಗೈಗೆ ಹಾಕುತ್ತೇವಲ್ಲ, ಅದೇ. ಬಟ್ಟಲನ್ನು ಟೀವಿ ಮುಂದೆ ಇಡುವುದು, ಹುಡುಗ ಹೆಲ್ಮೆಟ್ ಹಾಕಿಕೊಂಡು ಮೈದಾನಕ್ಕೆ ಬರುವ ಹೊತ್ತಿಗೆ ಒಂದು ಚಮಚ ತಮ್ಮ ಅಂಗೈಗೇ ಹಾಕಿಕೊಂಡು ತಿನ್ನುವುದು. ನನಗೆ ತಡೆಯಲಾಗಲಿಲ್ಲ. "ಅಕ್ಕಾ, ಆಟ ಆಡೋನು ಅವನು, ಮೊಸರು ತಿನ್ನೋರು ನೀವಾ? ಚೆನ್ನಾಗಿದೆ ವ್ಯವಹಾರ!" ಅಂದೆ.

ಅವರು ನಗಲಿಲ್ಲ. "ದೂರ ಇದ್ದಾವ್ರ ಪಾಲಿಂದು ಇಲ್ಲೆ ಇದ್ದಾವ್ರು ತಿನ್ನಬೇಕವಾ," ಅಂದರು. "ಇಲ್ಲಂದ್ರ ಹುಳಿ ಆಗ್ತೈತಿ."

ಹುಚ್ಚು ಎಷ್ಟಿತ್ತು ಅಂದರೆ, ಒಂದು ಭಾನುವಾರ ಯಾರದೋ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಹೋಗದಿದ್ದರೆ ಆ ಮನೆಯವರು ವರ್ಷಗಟ್ಟಲೆ ಮುಖ ತಿರುವುತ್ತಾರೆ, ಹೋದರೆ ಆಟ ತಪ್ಪುತ್ತದೆ. ಡಾಕ್ಟರಮ್ಮ ಪಾಕೆಟ್ ರೇಡಿಯೋವನ್ನು ಸೊಂಟಕ್ಕೆ ಸಿಕ್ಕಿಸಿ, ಅದರ ವೈರನ್ನು ಸೆರಗಿನೊಳಗಿಂದ ತಂದು, ಕಿವಿಯ ಮೇಲೆ ಕೂದಲು ಇಳಿಬಿಟ್ಟು ಭಕ್ತಿಯಿಂದ ಕಣ್ಣು ಮುಚ್ಚಿ ಕೂತರು. ವಾರವಿಡೀ ಎಂಜಿನಿಯರು, ಭಾನುವಾರ ಪುರೋಹಿತರಾಗಿದ್ದ ಆ ಮಹಾನುಭಾವರು ಕಥೆ ಓದುತ್ತಿದ್ದಾರೆ, ವ್ಯಾಪಾರಿಯ ಹಡಗು ಇನ್ನೇನು ಮುಳುಗಬೇಕು. "ಓಡೋ! ಓಡೋ ನನ್ನ ರಾಜಾ!" ಅಂತ ಡಾಕ್ಟರಮ್ಮ ಕೂಗಿಬಿಟ್ಟರು. ಕಥೆ ನಿಂತಿತು. ಮನೆ ತುಂಬ ಜನ ತಿರುಗಿ ನೋಡಿದರು. ಡಾಕ್ಟರಮ್ಮ ಕಣ್ಣು ತೆರೆಯದೆ ಎರಡೂ ಕೈ ಜೋಡಿಸಿ, "ಸತ್ಯನಾರಾಯಣಾ, ಹಡಗ ಉಳಿಸಪ್ಪಾ," ಅಂದರು. ಎಂಥಾ ಭಕ್ತೆ ಅಂತ ಆ ಮನೆಯ ಅಜ್ಜಿ ಇವರಿಗೆ ಎರಡು ಸಲ ಪ್ರಸಾದ ಕೊಟ್ಟರು. ನಾನು ಬಾತ್‌ರೂಮಿಗೆ ಹೋಗಿ ಬಾಯಿಗೆ ಟವೆಲ್ ಒತ್ತಿಕೊಂಡು ನಕ್ಕೆ.

ಆ ವರ್ಷ ದಸರಾಕ್ಕೆ ಅಪಾರ್ಟ್‌ಮೆಂಟಿನ ಪುಸ್ತಕದ ಶೆಲ್ಫಿನ ಮೇಲೇ ನಾಕು ಗೊಂಬೆ ಕೂರಿಸಿದ್ದೆ... ಇಲ್ಲ, ಅಪಾರ್ಟ್‌ಮೆಂಟಲ್ಲ, ಅಷ್ಟು ಹೊತ್ತಿಗೆ ಆ ಬಾಡಿಗೆ ಮನೆಗೆ ಬಂದಿದ್ದೆವು, ಎದುರುಮನೆ ಅಂದೆನಲ್ಲ. ನೆನಪು ಹೀಗೇ ಕಲಸಿಕೊಳ್ಳುತ್ತೆ. ಬಾಗಿನ ತಗೊಳ್ಳಲು ಬಂದ ಡಾಕ್ಟರಮ್ಮ ಪರ್ಸಿನಿಂದ ನಮ್ಮ ಟೀಮಿನ ಹಳದಿ ಅಂಗಿಯ ಈ ಗೊಂಬೆ ತೆಗೆದರು. ಕಾರಿಗೆ ಗ್ಯಾಸ್, ಅಂದರೆ ಪೆಟ್ರೋಲು, ಹಾಕಿಸಿದರೆ ಪುಕ್ಕಟೆ ಕೊಡುತ್ತಿದ್ದರಂತೆ. ಪಟ್ಟದ ಗೊಂಬೆಗಳನ್ನು ಸ್ವಲ್ಪ ಸರಿಸಿ ನಡುವೆ ನಿಲ್ಲಿಸಿದರು. ನಮ್ಮಮ್ಮ ನೋಡಿದ್ದರೆ ನನ್ನ ಚರ್ಮ ಸುಲಿಯುತ್ತಿದ್ದರು. ನಾನು ಆರತಿ ತಟ್ಟೆ ತಂದೆ. ಆರತಿ ಎತ್ತುವಾಗ ಡಾಕ್ಟರಮ್ಮ ಸ್ವಲ್ಪ ಜಾಸ್ತಿ ಹೊತ್ತು ಅವನ ಮುಂದೆಯೇ ತಟ್ಟೆ ತಿರುಗಿಸಿದರು.

ಗೊಂಬೆ ಇನ್ನೂ ಇಳಿಸಿರಲಿಲ್ಲ, ಅಷ್ಟರಲ್ಲಿ ಟೀಮಿನವರು ಆ ಹುಡುಗನನ್ನು ಕೊಟ್ಟುಬಿಟ್ಟರು.

ಕೊಟ್ಟುಬಿಡುವುದು ಅಂದರೆ ಏನು ಅಂತ ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ಇಲ್ಲಿ ಒಂದು ಪದ್ಧತಿ. ಪ್ರತಿ ವರ್ಷ ಕಾಲೇಜು ಆಟ ಮುಗಿಸಿ ಬರುವ ಹುಡುಗರನ್ನು ಟೀಮುಗಳು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತವರಿಗೆ ಮೊದಲ ಸರದಿ. "ನಮ್ಮಲ್ಲೆ ದೊಡ್ಡಾವ್ರಿಗೆ ಮೊದಲ ಪಂಕ್ತಿ, ಇಲ್ಲೆ ಸೋತಾವ್ರಿಗೆ. ಛಲೋ ಐತಿ ಅಲ್ಲ?" ಅಂತ ಡಾಕ್ಟರಮ್ಮ ಹಿಂದೊಮ್ಮೆ ಮೆಚ್ಚಿಕೊಂಡಿದ್ದರು. ಆದರೆ ಆ ಸರದಿಯನ್ನೇ ಅದಲು ಬದಲು ಮಾಡಿಕೊಳ್ಳಬಹುದು ಅನ್ನುವುದು ನನಗೆ ಗೊತ್ತಿರಲಿಲ್ಲ. ನಮ್ಮ ಟೀಮಿನವರು ಹುಡುಗನನ್ನು ಬೇರೆ ಊರಿನ ಟೀಮಿಗೆ ಕೊಟ್ಟು, ಅವರ ಮುಂದಿನ ಎರಡು ವರ್ಷದ ಸರದಿ ತಗೊಂಡಿದ್ದರು. ಯಾವ ಹುಡುಗರು ಸಿಗುತ್ತಾರೋ ಗೊತ್ತಿಲ್ಲ. ಅವರಿನ್ನೂ ಯಾವ ಕಾಲೇಜಿನಲ್ಲಿ ಕೂತಿದ್ದಾರೋ, ಹೈಸ್ಕೂಲನ್ನಾದರೂ ದಾಟಿದ್ದಾರೋ ಇಲ್ಲವೋ. ಟೀವಿಯಲ್ಲಿ ಟೈ ಕಟ್ಟಿದವರು ಬಂದು ಭವಿಷ್ಯ, ಭವಿಷ್ಯ ಅಂದರು.

ಡಾಕ್ಟರಮ್ಮ ಆಸ್ಪತ್ರೆಯಿಂದ ಸೀದಾ ನಮ್ಮ ಮನೆಗೆ ಬಂದರು. ಶೂ ಕೂಡ ಬಿಚ್ಚಲಿಲ್ಲ. "ಕೇಳಿದೇನ? ಕೂಸು ಹುಟ್ಟೂಕಿಂತ ಮುಂಚೆ ಕುಲಾವಿ ಹೊಲಿಸಿದ್ರಂತ ಕೇಳಿದ್ದೆ. ಇವರು ನೋಡು, ಕಂಕುಳಾಗಿನ ಕೂಸ ಕೊಟ್ಟು ಕುಲಾವಿ ಹೊಲಿಸ್ಯಾರ!" ಅಂದರು. ಆಟಕ್ಕೆ ಇಷ್ಟೊಂದಾ ಅಂತ ನನಗೆ ಒಂದು ಕ್ಷಣ ನಗು ಬಂದದ್ದು ನಿಜ. ಗೊಂಬೆ ತೋರಿಸಿ, "ಇವನನ್ನ ತೆಗೆದಿಡ್ಲಾ ಅಕ್ಕಾ?" ಅಂದೆ.

"ಇರಲಿ," ಅಂದರು. ಆಮೇಲೆ ಚಾಪೆಯ ಮೇಲೆ ಕೂತು, ಗೊಂಬೆಗಳ ಕಡೆ ನೋಡುತ್ತಾ ಹೇಳಿದರು. ಜೋರು ದನಿಯ ಹೆಂಗಸು, ಅವತ್ತು ಎಷ್ಟು ಮೆಲ್ಲಗೆ ಮಾತಾಡಿದರು ಅಂದರೆ ನಾನು ಹತ್ತಿರ ಸರಿದು ಕೂರಬೇಕಾಯಿತು.

ಅಮೆರಿಕಕ್ಕೆ ಬರುವಾಗ ಅವರಿಗೆ ಎಂಟು ತಿಂಗಳ ಗಂಡು ಕೂಸು. ಇಲ್ಲಿ ಯಜಮಾನರಿಗೆ ಲ್ಯಾಬು, ಇವರಿಗೆ ಆಸ್ಪತ್ರೆಯಲ್ಲಿ ತರಬೇತಿ. ಹಗಲಿಲ್ಲ ರಾತ್ರಿಯಿಲ್ಲ. ಎರಡೇ ವರ್ಷ, ಆಮೇಲೆ ಕರೆಸಿಕೊಳ್ಳುವುದು ಅಂತ ಕೂಸನ್ನು ನೆಗೆಣ್ಣಿಯ ಕೈಯಲ್ಲಿಟ್ಟು ಬಂದರು. ನೆಗೆಣ್ಣಿ ಅಂದರೆ ನಮ್ಮ ಕಡೆ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಆಕೆಗೆ ಮಕ್ಕಳಿರಲಿಲ್ಲ. ಎರಡು ವರ್ಷ ಮೂರಾಯಿತು. ಕರಕೊಂಡು ಬರಲು ಹೋದಾಗ ಹುಡುಗ ನೆಗೆಣ್ಣಿಯ ಸೀರೆಯ ಹಿಂದೆ ನಿಂತು, "ಅವ್ವಾ, ಇವರು ಯಾರು?" ಅಂದನಂತೆ. ನೆಗೆಣ್ಣಿ ಅವನ ಅಂಗಿ-ಚಡ್ಡಿ ಮಡಿಚಿ ಪೆಟ್ಟಿಗೆಗೆ ತುಂಬಿದರು. ಹುಡುಗನಿಗೆ ಜ್ವರ ಬಂತು. ಆಗ ಮನೆಯ ಹಿರಿಯರು ಸೇರಿ ಹೇಳಿದರಂತೆ, "ನಿಮಗ ಮುಂದ ಇನ್ನೂ ಆಗ್ತಾವ. ಅಕಿಗೆ ಇದ ಒಂದ. ಬಿಟ್ಟ ಹೋಗವಾ."

"ಬಿಟ್ಟ ಬಂದೆ," ಅಂದರು ಡಾಕ್ಟರಮ್ಮ. "ಮುಂದ ಆಗ್ತಾವ ಅಂದ್ರಲ್ಲ... ಆಗಲಿಲ್ಲ."

ಅವನು ನೆಗೆಣ್ಣಿಯನ್ನು ಅವ್ವ ಅನ್ನುತ್ತಿದ್ದ. ಹೆತ್ತ ಇವರನ್ನು ಚಿಗವ್ವ, ಅಂದರೆ ಚಿಕ್ಕಮ್ಮ, ಅಂತ. ಆ ಓಡುವ ಹುಡುಗನದೇ ವಯಸ್ಸು. ನಾನು ಎದ್ದು ಕಾಫಿ ಮಾಡಿದೆ. ಅವರು ಕುಡಿಯಲಿಲ್ಲ. ಗೊಂಬೆ ಇಳಿಸಿದ ದಿನ ಅವನನ್ನು ತಮ್ಮ ಮನೆಗೆ ಒಯ್ದರು. ಆಮೇಲಿನ ಭಾನುವಾರಗಳಲ್ಲಿ ಎದುರುಮನೆಯಿಂದ ಕೂಗು ಕೇಳುವುದು ನಿಂತಿತು. ನನಗೆ ಆ ಗದ್ದಲ ಎಷ್ಟು ಬೇಕಿತ್ತು ಅನ್ನುವುದು ಗೊತ್ತಾದದ್ದು ಆಗಲೇ.

ಮರುವರ್ಷ ಧಾರವಾಡದಿಂದ ಫೋನು ಬಂತು. ಮಗನ ಮದುವೆ ಗೊತ್ತಾಗಿದೆ. ನೆಗೆಣ್ಣಿಯೇ ಮಾತಾಡಿದ್ದು, ತಪ್ಪದೆ ಬರಬೇಕು ಅಂದದ್ದು. ಡಾಕ್ಟರಮ್ಮನ ಯಜಮಾನರು ಹೊರಡಲು ತಯಾರು. ಇವರು ಸುತಾರಾಂ ಒಲ್ಲೆ ಅಂದುಬಿಟ್ಟರು. ನಾನು ಒಂದು ದಿನ ಧೈರ್ಯ ಮಾಡಿ ಕೇಳಿದೆ. "ಏನಂತ ಹೋಗಲಿ?" ಅಂತ ಉರಿದು ಬಿದ್ದರು. "ಹುಡುಗನ ತಾಯಿ ಅಂತ ಅಕಿ ಕುಂದರತಾಳ, ಬೀಗರು ಅಕಿಗೆ ಉಡಿ ತುಂಬತಾರ. ನಾ ಕುರ್ಚಿ ಮ್ಯಾಲೆ ಕುಂತು ಅಕ್ಕಿಕಾಳ ಒಗದು, ಉಂಡು, ಕೈ ತೊಳಕೊಂಡ ಬರೂದೇನ? ಹಡದಾಕಿ ನಾ!" ಆಮೇಲೆ ಆ ಮಾತು ಎತ್ತಬೇಡ ಅಂದರು. ನಾನು ಎತ್ತಲಿಲ್ಲ. ಆದರೆ ಅವರಿಗೆ ಹೋಗುವ ಆಸೆ ಎಷ್ಟಿತ್ತು ಅನ್ನುವುದು ಕಣ್ಣಿದ್ದವರಿಗೆಲ್ಲ ಕಾಣುತ್ತಿತ್ತು. ಇಂಡಿಯನ್ ಅಂಗಡಿಗೆ ಬೇಳೆ ತರಲು ಹೋದರೆ ಸೀರೆಗಳ ಮುಂದೆ ನಿಂತುಬಿಡುತ್ತಿದ್ದರು.

ಅದೇ ನವೆಂಬರಿನಲ್ಲಿ ಆ ಹುಡುಗ ಎದುರು ಟೀಮಿನವನಾಗಿ ನಮ್ಮ ಊರಿಗೆ ಆಡಲು ಬಂದ. ಡಾಕ್ಟರಮ್ಮನ ಜೊತೆ ಕೆಲಸ ಮಾಡುತ್ತಿದ್ದ ನರ್ಸೊಬ್ಬಳು ತನಗೆ ಹೋಗಲಾಗದೆ ಎರಡು ಟಿಕೆಟ್ ಕೊಟ್ಟಿದ್ದಳಂತೆ. ಬೆಳಿಗ್ಗೆ ನಮ್ಮ ಮನೆಗೆ ಬಂದರು. ಇಳಕಲ್ ಸೀರೆ, ಮೇಲೆ ದಪ್ಪ ಜಾಕೆಟ್, ಕೈಯಲ್ಲಿ ಸ್ಟೀಲಿನ ಸಣ್ಣ ಡಬ್ಬಿ. "ನಡಿ," ಅಂದರು. ಇನ್ನೊಂದು ಕೈಯಲ್ಲಿ ಗೊಂಬೆ. ಹಳದಿ ಅಂಗಿಯ ಮೇಲೆ ನೀಲಿ ನೇಲ್ ಪಾಲಿಶ್ ಬಳಿದಿದ್ದರು, ಇನ್ನೂ ಪೂರ್ತಿ ಆರಿರಲಿಲ್ಲ. "ಮನಿ ಬದಲಾದ ಮ್ಯಾಲೆ ಅಂಗಿ ಬದಲಾಗಬೇಕಲ್ಲ," ಅಂದರು.

ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ ಅಂತ ಸಿಟಿ ಟ್ರೇನಿನಲ್ಲಿ ಹೋದೆವು. ಡಬ್ಬಿಯಲ್ಲಿ ಏನು ಅಂತ ನನಗೆ ಗೊತ್ತಿತ್ತು. ಗೇಟಿನವನಿಗೆ ಗೊತ್ತಿರಲಿಲ್ಲ. ಮುಚ್ಚಳ ತೆಗೆಸಿ, ಮೂಸಿ, ಹೊರಗಿನ ಆಹಾರ ಒಳಗೆ ಬಿಡುವಂತಿಲ್ಲ ಅಂದ. "ದಿಸ್ ಈಸ್ ನಾಟ್ ಫುಡ್, ದಿಸ್ ಈಸ್ ಮೆಡಿಸಿನ್. ಐ ಆಮ್ ಎ ಡಾಕ್ಟರ್," ಅಂದರು ಇವರು, ಆಪರೇಷನ್ ಥಿಯೇಟರಿನ ದನಿಯಲ್ಲಿ. ಪಾಪ, ಅವನು ಮತ್ತು ಬಂದವನ ಹಾಗೆ ಪಕ್ಕಕ್ಕೆ ಸರಿದ.

ಒಳಗೆ ಎಲ್ಲಿ ನೋಡಿದರೂ ಹಳದಿ. ಅಷ್ಟು ಜನರನ್ನು ನಾನು ಜಂಬೂಸವಾರಿಯಲ್ಲಿ ಬಿಟ್ಟರೆ ಬೇರೆಲ್ಲೂ ಒಟ್ಟಿಗೆ ಕಂಡಿರಲಿಲ್ಲ. ಹುಡುಗ ಮೈದಾನಕ್ಕೆ ಬಂದ. ಡಾಕ್ಟರಮ್ಮ ಡಬ್ಬಿ ಬಿಚ್ಚಿ ಅಂಗೈಗೆ ಹಾಕಿಕೊಳ್ಳುತ್ತಿದ್ದರು, ಅಷ್ಟರಲ್ಲಿ ಸುತ್ತಲಿನವರೆಲ್ಲ ಬೂ ಅಂತ ಶುರುಮಾಡಿದರು. ಹೋದ ವರ್ಷ ಇದೇ ಜನ ಅವನ ಹೆಸರು ಕೂಗಿ ಗಂಟಲು ಹರಿದುಕೊಂಡವರು. ತಾನಾಗಿ ಬಿಟ್ಟುಹೋದವನನ್ನು ಬೈದ ಹಾಗೆ ಬೈಯುತ್ತಿದ್ದರು. "ಅಂವ ಹೋಗಿಲ್ಲಲ್ಲ, ಇವರ ಕೊಟ್ಟದ್ದು," ಅಂದರು ಡಾಕ್ಟರಮ್ಮ, ನನಗೂ ಅಲ್ಲ, ಯಾರಿಗೂ ಅಲ್ಲ. ಅವನು ಚೆಂಡು ಮುಟ್ಟಿದಾಗಲೆಲ್ಲ ಬೂ. ಅರ್ಧ ಆಟದವರೆಗೂ ತಲೆ ತಗ್ಗಿಸಿಕೊಂಡು ಕೂತಿದ್ದರು. ವಾಪಸ್ ಹೋಗೋಣ ಅಕ್ಕಾ ಅಂದೆ. ಕೇಳಿಸಲಿಲ್ಲವೋ ಏನೋ.

ಆಮೇಲೆ ಅವನಿಗೆ ಚೆಂಡು ಸಿಕ್ಕಿತು. ಇಬ್ಬರ ಕೈ ತಪ್ಪಿಸಿದ, ಮೂರನೆಯವನನ್ನು ಹಾರಿದ, ನಾವು ಕೂತಿದ್ದ ಕಡೆಯ ಗೆರೆಗುಂಟ ಓಡಿ ಬಂದ. ನಮ್ಮ ಕೆಳಗೇ, ಮುಖ ಕಾಣುವಷ್ಟು ಹತ್ತಿರ. ಸ್ಟೇಡಿಯಮ್ಮಿಗೆ ಸ್ಟೇಡಿಯಮ್ಮೇ ಬೈಯುತ್ತಿದೆ. ಡಾಕ್ಟರಮ್ಮ ಎದ್ದು ನಿಂತರು. ಸೆರಗು ಸೊಂಟಕ್ಕೆ ಸಿಕ್ಕಿಸಿ, "ಓಡೋ! ಓಡೋ ನನ್ನ ರಾಜಾ! ಯಾರ ಮನ್ಯಾಗರ ಇರು, ಓಡೋ!" ಅಂತ ಕೂಗಿದರು. ಅವನು ಮೈದಾನದ ಕೊನೆಯ ಗೆರೆ ದಾಟಿ ಅಂಕ ಗಳಿಸಿದ. ಇವರು ಕುಣಿದರು. ಹಳದಿಯ ನಡುವೆ ಒಬ್ಬರೇ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ದಪ್ಪ ಮನುಷ್ಯನೊಬ್ಬ ತಿರುಗಿ, ಬೇಸರದಿಂದಲೇ, "ಮೇಡಮ್, ಯು ಆರ್ ಇನ್ ದಿ ರಾಂಗ್ ಸೀಟ್," ಅಂದ. ತಪ್ಪು ಜಾಗದಲ್ಲಿ ಕೂತಿದ್ದೀರಿ ಅಂತ.

"ಐ ನೋ," ಅಂದರು ಡಾಕ್ಟರಮ್ಮ. ಚಪ್ಪಾಳೆ ನಿಲ್ಲಿಸಲಿಲ್ಲ. ಕಣ್ಣಿಂದ ಧಾರಾಕಾರ ಸುರಿಯುತ್ತಿತ್ತು.

ವಾಪಸ್ ಬರುವಾಗ ಟ್ರೇನಿನಲ್ಲಿ, ನಮ್ಮ ಸ್ಟೇಷನ್ ಇನ್ನೇನು ಬರಬೇಕು, ಆಗ, "ಟಿಕೆಟ್ ತಗಿಸಬೇಕು," ಅಂದರು. ಇನ್ನೊಂದು ಆಟಕ್ಕಾ ಅಂದೆ. "ಧಾರವಾಡಕ್ಕ," ಅಂದರು. "ಎಲ್ಲೆ ಕುಂದರಸತಾರೋ ಅಲ್ಲೇ ಕುಂತು ನೋಡತೇನಿ."

ಮದುವೆ ಮುಗಿಸಿ ಬಂದವರು ನಮ್ಮ ಅಡುಗೆಮನೆಯಲ್ಲಿ ನಿಂತುಕೊಂಡೇ ಎಲ್ಲ ಹೇಳಿದರು. ಮದುವೆ ದಿನ ಬೆಳಿಗ್ಗೆ ಹುಡುಗ ಬಾಸಿಂಗ ಕಟ್ಟಿಕೊಂಡು ಮಂಟಪಕ್ಕೆ ಹೊರಟು ನಿಂತಿದ್ದಾನೆ. ನೆಗೆಣ್ಣಿ ಒಳಗಿಂದ ಮೊಸರು ಸಕ್ಕರೆಯ ಬಟ್ಟಲು ತಂದರು. ಬಾಗಿಲ ಹತ್ತಿರ, ನೆಂಟರ ಹಿಂದೆ ನಿಂತಿದ್ದ ಇವರ ಮುಖ ನೋಡಿದರು. ಏನನಿಸಿತೋ, ಬಟ್ಟಲನ್ನು ಇವರ ಕೈಗೆ ಕೊಟ್ಟು, "ನೀ ಹಾಕವಾ," ಅಂದರಂತೆ. "ಇಷ್ಟ ಮಂದೀಗೆ ಸೂಜಿ ಚುಚ್ಚಿದ ಕೈ, ಚಮಚಾ ಹಿಡಿಯಾಕ ಬರವೊಲ್ದು ನೋಡು," ಅಂದರು ಡಾಕ್ಟರಮ್ಮ. ಹುಡುಗ ಅಂಗೈ ಒಡ್ಡಿದ, ನೆಕ್ಕಿದ, ಕೈ ಒರೆಸಲು ಏನಾದರೂ ಸಿಗುತ್ತದಾ ಅಂತ ಆಚೀಚೆ ನೋಡಿದ. ಯಾರನ್ನೂ ಕೇಳಲಿಲ್ಲ. ಇವರ ಸೆರಗು ಎಳೆದುಕೊಂಡು ಒರೆಸಿಕೊಂಡ. "ಬರತೇನಿ ಚಿಗವ್ವಾ," ಅಂದು ಹೊರಟುಹೋದ.

"ಚಿಗವ್ವ ಅಂದ," ಅಂದೆ ನಾನು, ಅನ್ನಬಾರದಿತ್ತೇನೋ.

"ಅನ್ನಲಿ. ಒರೆಸಿಕೊಂಡನಲ್ಲ!" ಅಂದರು. ಅದೇ ಇಳಕಲ್ ಸೀರೆ, ಸ್ಟೇಡಿಯಮ್ಮಿಗೆ ಉಟ್ಟದ್ದೇ. ಎಷ್ಟೋ ದಿನ ಅದನ್ನು ಒಗೆಯಲಿಲ್ಲ.

ಆಮೇಲೆ ನಾವು ಅಟ್ಲಾಂಟಾದ ಹೊರಗೆ ಕಮ್ಮಿಂಗ್‌ನಲ್ಲಿ ಮನೆ ಮಾಡಿದೆವು. ಅವರು ರಿಟೈರಾಗಿ ಕೆರೊಲಿನಾದ ಷಾರ್ಲೆಟ್ ಕಡೆ ಹೋದರು. ನಮ್ಮ ಊರಿನ ಟೀಮಿನವರು ಆ ಎರಡು ವರ್ಷದ ಸರದಿಯಲ್ಲಿ ತಂದ ಹುಡುಗರಲ್ಲಿ ಒಬ್ಬ ಮೊಣಕಾಲು ಮುರಿದುಕೊಂಡ, ಇನ್ನೊಬ್ಬನ ಹೆಸರು ಯಾರಿಗೂ ನೆನಪಿಲ್ಲ. ಓಡುತ್ತಿದ್ದ ಹುಡುಗನೂ ಹಳಬನಾಗಿ ಆಟ ಬಿಟ್ಟ. ಡಾಕ್ಟರಮ್ಮನ ಯಜಮಾನರು ಸದ್ದಿಲ್ಲದೆ ಇದ್ದ ಹಾಗೇ ಸದ್ದಿಲ್ಲದೆ ಹೋದರು. ನಮ್ಮ ಫೋನುಗಳು ವಾರಕ್ಕೊಮ್ಮೆ ಇದ್ದದ್ದು ತಿಂಗಳಿಗಾಯಿತು, ಹಬ್ಬಕ್ಕಾಯಿತು... ಹೋದ ವರ್ಷ ಅವರು ಹಾಸಿಗೆ ಹಿಡಿದಿದ್ದಾರೆ ಅಂತ ತಿಳಿದು ನೋಡಲು ಹೋದೆ. ತಲೆದಿಂಬಿನ ಕೆಳಗಿಂದ ಈ ಗಂಟು ತೆಗೆದು ಕೊಟ್ಟರು. "ನಿನ್ನ ಗೊಂಬಿ ಜೋಡಿ ಇಡು. ನಾ ಹ್ವಾದ ಮ್ಯಾಲೆ ಇಲ್ಲೆ ಯಾರರ ತಿಳೀದ ಕಸಕ್ಕ ಒಗೀತಾರ," ಅಂದರು. ಸೀರೆ ಸವೆದುಹೋದ ಮೇಲೂ ಆ ಸೆರಗೊಂದನ್ನು ಕತ್ತರಿಸಿ ಇಟ್ಟುಕೊಂಡಿದ್ದರು.

ಅವರು ತೀರಿಕೊಂಡಾಗ ಮಣ್ಣಿಗೆ ಮಗ ಧಾರವಾಡದಿಂದ ಬಂದಿದ್ದ. ತಲೆ ನರೆತ ಗಂಡಸು, ಅವರದೇ ಮೂಗು, ಅವರ ಹಾಗೇ ಸೊಂಟದ ಮೇಲೆ ಕೈಯಿಟ್ಟು ನಿಲ್ಲುವುದು. "ಚಿಗವ್ವ ನಿಮ್ಮ ಸುದ್ದಿ ಭಾಳ ಹೇಳತಿದ್ರು," ಅಂದ. ಕೊನೆಗೂ ಚಿಗವ್ವನೇ. ಕೇಳಿಸಿಕೊಳ್ಳಲು ಅವರಿರಲಿಲ್ಲ, ಆ ಸಂಕಟ ನನ್ನ ಪಾಲಿಗೆ ಬಂತು.

ಮಗಳು ಎಲ್ಲ ಕೇಳಿಸಿಕೊಂಡಳು. ಡಾಕ್ಟರಮ್ಮ ಅಂದರೆ ಅವಳಿಗೆ ಷಾರ್ಲೆಟ್‌ನಿಂದ ಬೇಸನ್ ಉಂಡೆ ಕಳಿಸುವ ಅಜ್ಜಿ ಅಷ್ಟೇ ಆಗಿದ್ದರು. ಅವಳೇ ರಾಜ-ರಾಣಿಯನ್ನು ಸರಿಸಿ ನಡುವೆ ಜಾಗ ಮಾಡಿ ಗೊಂಬೆ ನಿಲ್ಲಿಸಿದಳು. ಒಂದು ಕಾಲು ಗಾಳಿಯಲ್ಲಿರುವುದರಿಂದ ಅವನು ನೆಟ್ಟಗೆ ನಿಲ್ಲುವುದಿಲ್ಲ, ರಾಣಿಗೆ ಆನಿಸಬೇಕು. ನಾನು ಸೆರಗಿನ ತುಂಡನ್ನು ಅವನ ಕಾಲಡಿ ಹಾಸಿದೆ. ಅಡುಗೆಮನೆಗೆ ಹೋಗಿ ಮೊಸರು ಸಕ್ಕರೆ ಕಲಸಿ ತಂದಿಟ್ಟೆ. ಭಾನುವಾರವೇ ಆಗಿತ್ತು. ಈಗ ನಮ್ಮ ಮನೆಯಲ್ಲಿ ಯಾರೂ ಆಟ ನೋಡುವುದಿಲ್ಲ.

ಸಂಜೆ ದೀಪ ಹಚ್ಚಿದ ಮೇಲೆ ಬಟ್ಟಲು ತೆಗೆದು, ಒಂದು ಚಮಚ ಅಂಗೈಗೆ ಹಾಕಿಕೊಂಡೆ. "ಅಮ್ಮಾ, ಅದು ಅವನಿಗೆ ಇಟ್ಟಿದ್ದಲ್ವಾ? ನೀನ್ ಯಾಕೆ ತಿಂತಿದೀಯಾ?" ಅಂದಳು ಮಗಳು.

ದೂರ ಇದ್ದವರ ಪಾಲಿನದು ಅಂತ ಹೇಳಹೊರಟೆ. ಮಾತು ಅರ್ಧಕ್ಕೆ ಬಿಟ್ಟು ಅಂಗೈ ಬಾಯಿಗಿಟ್ಟೆ. ಬೆಳಿಗ್ಗೆಯಿಂದ ಹೊರಗೇ ಇತ್ತಲ್ಲ, ಮೊಸರು ಹುಳಿಯಾಗಿತ್ತು. ಪೂರ್ತಿ ತಿಂದೆ. ಕೈ ಒರೆಸಿಕೊಳ್ಳಲು ಸೆರಗು ಹುಡುಕಿದೆ, ನಾನು ಉಟ್ಟಿದ್ದದ್ದು ಸೀರೆಯಲ್ಲ.